ನಾಲ್ಕು ಸಾಲಿನ ಜಾಗದಲ್ಲಿ ಅಮ್ಮ

1

ಎಲ್ಲಿಂದ ಶುರು ಮಾಡುವುದು? ಕಥೆ ಬರೆಯುವವರು ಸೂರ್ಯೋದಯದಿಂದ ಶುರು ಮಾಡುತ್ತಾರೆ. ನನಗೆ ಸೂರ್ಯನ ಮೇಲೂ ಸಿಟ್ಟಿದೆ, ಅವನನ್ನು ಬಿಟ್ಟೆ. ಹೊಳೆಯಿಂದ ಶುರು ಮಾಡಬಹುದಿತ್ತು. ಬಂಟ್ವಾಳದಲ್ಲಿ ಹೊಳೆಗೇನೂ ಕೊರತೆಯಿಲ್ಲ. ಆದರೆ ಈ ಕಥೆಯಲ್ಲಿ ಹೊಳೆ ಏನೂ ಮಾಡುವುದಿಲ್ಲ. ಏನೂ ಮಾಡದವರನ್ನು ಮೊದಲ ಸಾಲಿನಲ್ಲಿ ಕೂರಿಸುವುದು ಸಭೆಗಳಲ್ಲಿ ನಡೆಯುತ್ತದೆ, ನನ್ನಲ್ಲಿ ನಡೆಯುವುದಿಲ್ಲ.

ಹಾಗಾದರೆ ಹೀಗೆ: ಸಾವಿರದ ಒಂಬೈನೂರ ಅರವತ್ತನಾಲ್ಕನೇ ಇಸವಿ. ಜತ್ತಪ್ಪನಿಗೆ ಇಪ್ಪತ್ತೆರಡು ವರ್ಷ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಂಟ್ವಾಳದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ.

(ಜತ್ತಪ್ಪ ಎಂದರೆ ನಾನೇ. ಮುಚ್ಚಿಡುವುದಿಲ್ಲ. 'ನಾನು' ಎಂದು ಬರೆಯಲು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಕಾಗದ ಹರಿದೆ. 'ಅವನು' ಎಂದರೆ ಬೈಯಲು ಸುಲಭ. ಈ ಕಥೆಯಲ್ಲಿ ಬೈಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಅವನ ಹೆಸರೇ ಮೊದಲನೆಯದು.)

2

ಆ ಪ್ರೆಸ್ಸಿನಲ್ಲಿ ಪ್ರತಿ ಶುಕ್ರವಾರ ಒಂದು ವಾರಪತ್ರಿಕೆ ಅಚ್ಚಾಗುತ್ತಿತ್ತು. ಸಂಪಾದಕರು ಮೂಡಬಿದಿರೆಯ ಹೇಮರಾಜರು. ಪುಟದಲ್ಲಿ ಜಾಗ ಉಳಿದರೆ ತುಂಬಲು 'ಲೋಕದ ಸೋಜಿಗ' ಎಂಬ ಅಂಕಣ. ಇಂಗ್ಲಿಷ್ ಮ್ಯಾಗಜೀನುಗಳಿಂದ ಹೇಮರಾಜರೇ ಕನ್ನಡಕ್ಕೆ ಇಳಿಸಿದ್ದು. ಆಕ್ಟೋಪಸ್ಸಿಗೆ ಮೂರು ಹೃದಯ. ಜಿರಾಫೆಯ ಕುತ್ತಿಗೆಯಲ್ಲೂ ಮನುಷ್ಯನ ಕುತ್ತಿಗೆಯಲ್ಲೂ ಏಳೇ ಮೂಳೆ. ಕಡಲಕುದುರೆಯಲ್ಲಿ ಮರಿ ಹೆರುವುದು ಗಂಡು. ಸಿನಿಮಾದಲ್ಲಿ ಸುರಿಯುವ ಮಳೆ ರಬ್ಬರ್ ಪೈಪಿನದು. (ಟೆಂಟಿನಲ್ಲಿ ಕೂತು ಆ ಮಳೆಗೆ ಅತ್ತಿದ್ದ ಬೆಳ್ತಂಗಡಿಯ ಓದುಗರೊಬ್ಬರು ಬೈದು ಕಾರ್ಡು ಬರೆದರು.)

ಜತ್ತಪ್ಪನಿಗೆ ಈ ಅಂಕಣವೆಂದರೆ ಜೀವ. ಶಾಲೆ ಕೊಡದೆ ಬಿಟ್ಟದ್ದನ್ನು ಸೀಸದ ಮೊಳೆಗಳು ಅವನಿಗೆ ಕೊಟ್ಟವು, ಅದೂ ತಲೆಕೆಳಗಾಗಿ. ಗಂಡು ಹೆರುವ ಮೀನಿನ ಸುದ್ದಿ ಜೋಡಿಸಿದ ದಿನ ಅವನು ಮನೆಯವರೆಗೂ ನಗುತ್ತಲೇ ನಡೆದ.

ಒಂದು ಗುರುವಾರ ಕೊನೆಯ ಪುಟದಲ್ಲಿ ನಾಲ್ಕು ಸಾಲು ಖಾಲಿ ಉಳಿಯಿತು. ಹೇಮರಾಜರು ಮದುವೆಗೆಂದು ಊರಿಗೆ ಹೋಗಿದ್ದರು. ಮ್ಯಾಟರ್ ಇಲ್ಲ. ಜತ್ತಪ್ಪ ಮೊಳೆ ಜೋಡಿಸುವ ಸ್ಟಿಕ್ ಕೈಗೆತ್ತಿಕೊಂಡು ತಲೆಯಿಂದಲೇ ಜೋಡಿಸಿದ:

"ಫರಂಗಿಪೇಟೆಯ ಸಮೀಪ ವಾಸಿಸುವ ಸೇಸಮ್ಮ ಎಂಬ ಮಹಿಳೆ ಹನ್ನೆರಡು ವರ್ಷಗಳಿಂದ ಅನ್ನದ ಒಂದು ಅಗುಳನ್ನೂ ಮುಟ್ಟಿಲ್ಲ. ಹರಕೆಯೇ ಇದಕ್ಕೆ ಕಾರಣ. ಆದರೂ ಅವರು ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಾರೆ!"

ಸೇಸಮ್ಮ ಅವನ ತಾಯಿ. ಅಮ್ಮ ಮರಗೆಣಸು ತಿನ್ನುತ್ತಿದ್ದಳು, ಹಲಸಿನ ಬೀಜ ತಿನ್ನುತ್ತಿದ್ದಳು, ಕೆಸುವಿನ ಗಡ್ಡೆ ತಿನ್ನುತ್ತಿದ್ದಳು. ಅನ್ನ ಮಾತ್ರ ಇಲ್ಲ. ಅವನಿಗೆ ಹತ್ತು ವರ್ಷವಾದಾಗಿನಿಂದ ಹಾಗೆಯೇ. ಮೊಳೆ ಇಡುವ ಕೇಸಿನಲ್ಲಿ ಆಶ್ಚರ್ಯಚಿಹ್ನೆ ಒಂದೇ ಉಳಿದಿತ್ತು. ಅದನ್ನು ಅಮ್ಮನಿಗೇ ಹಾಕಿದ.

(ಹೆಮ್ಮೆ, ಸ್ವಾಮಿ, ಹೆಮ್ಮೆ! ಜಿರಾಫೆಯ ಪಕ್ಕದಲ್ಲಿ ನನ್ನ ಅಮ್ಮ! ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸುತ್ತದೆ. ಕೈಯೂ ನನ್ನದೇ, ಕಪಾಳವೂ ನನ್ನದೇ.)

3

ಜನ ಬಂದರು. ಬಸ್ಸಿಳಿದು, ದಾರಿ ಕೇಳಿಕೊಂಡು, ಮಕ್ಕಳ ಕೈ ಹಿಡಿದುಕೊಂಡು ಬಂದರು. ಅಮ್ಮ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು.

"ಎಲ್ಲಿ ಅಮ್ಮ, ನಾಲಗೆ ತೋರಿಸಿ," ಎಂದ ಒಬ್ಬ ಕಂಪೌಂಡರ್. ಬಗ್ಗಿ ನೋಡಿ, ತಿರುಗಿ, "ಸರಿ ಉಂಟು," ಎಂದು ಅಂಗಳಕ್ಕೆಲ್ಲ ಸರ್ಟಿಫಿಕೇಟ್ ಕೊಟ್ಟ.

ಪುತ್ತಿಗೆಯಿಂದ ಬಂದ ಹೆಂಗಸೊಬ್ಬಳು ಹತ್ತಿರ ಕೂತು ಕೇಳಿದಳು: "ಕನಸಿನಲ್ಲಾದ್ರೂ ಉಣ್ಣುವುದುಂಟಾ?"

"ಕನಸಲ್ಲಿ ಉಣ್ತೇನೆ," ಎಂದಳು ಅಮ್ಮ. "ಅಲ್ಲಿ ಬಡಿಸಲಿಕ್ಕೆ ಬೇರೆಯವರು ಇರ್ತಾರಲ್ಲ."

ಎಲ್ಲರೂ ನಕ್ಕರು. ಜತ್ತಪ್ಪನೂ ನಕ್ಕ. ಆ ಮಾತಿನೊಳಗೆ ಏನಿದೆ ಎಂದು ನಿಂತು ನೋಡಲಿಲ್ಲ, ಕತ್ತೆ.

(ಅವಳು ಅದನ್ನು ಹೇಳಿದ್ದು ತುಳುವಿನಲ್ಲಿ. ನನ್ನ ಕೇಸಿನಲ್ಲಿರುವುದು ಕನ್ನಡದ ಮೊಳೆ. ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಗಿದೆ.)

ಎರಡನೇ ಭಾನುವಾರ ಒಬ್ಬರು ಕಾಲಿಗೆ ಬಿದ್ದರು. ಅಮ್ಮ ಹೆದರಿ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಮೂರನೇ ಭಾನುವಾರ ಎಳೆದುಕೊಳ್ಳಲಿಲ್ಲ. ಸೋಡಾದ ಅಬ್ಬಾಸ್ ತನ್ನ ಪೆಟ್ಟಿಗೆಯನ್ನು ತಂದು ನಮ್ಮ ಬೇಲಿಯ ಬುಡದಲ್ಲೇ ಇಟ್ಟ. ಬೀಡಿ ಒಪ್ಪಿಸುವ ಬ್ರಾಂಚಿನ ಗುಮಾಸ್ತ ಅದುವರೆಗೆ "ಏಯ್" ಎಂದು ಕರೆಯುತ್ತಿದ್ದವನು "ಅಮ್ಮಾ" ಎಂದ. ಕಟ್ಟಿದ ಬೀಡಿಯನ್ನು ಕಳಪೆ ಎಂದು ಅವಳ ಎದುರೇ ಮುರಿದು ಬಿಸಾಡುವುದನ್ನು ನಿಲ್ಲಿಸಿದ.

ಇದನ್ನು ಬೇಕೆಂದೇ ಬರೆದಿದ್ದೇನೆ. ಆ ನಾಲ್ಕು ಸಾಲಿನಿಂದ ಅವಳಿಗೆ ಏನೂ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ.

4

ಪಕ್ಕದ ಮನೆಯ ಮಾಜಿದಾ ಹದಿನೈದು ವರ್ಷದಿಂದ ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದವಳು. ಊರೆಲ್ಲ ನೋಡಲು ಬಂದರೂ ಅವಳೊಬ್ಬಳು ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ. ಜತ್ತಪ್ಪ ಬಾವಿಕಟ್ಟೆಯ ಹತ್ತಿರ ಅವಳನ್ನು ತಡೆದ.

"ಮಾಜಿದಾಕ್ಕ, ಪೇಪರ್ ನೋಡಲಿಲ್ವಾ?"

"ಮಗಳು ಓದಿ ಹೇಳಿದ್ಲು. ನಿನಗೆ ನಾಚಿಕೆ ಅಂತ ಒಂದು ಉಂಟಾ ಜತ್ತಪ್ಪ?"

"ಯಾಕೆ?"

"ಯಾವ ದೇವರ ಹರಕೆ ಅದು? ಯಾಕೆ ಹೊತ್ತದ್ದು? ಹೇಳು ನೋಡುವ."

"ಅಮ್ಮ ಹರಕೆ ಅಂತ ಮಾತ್ರ ಹೇಳಿದ್ದು."

"ನಿನ್ನ ಅಪ್ಪ ಬೊಂಬಾಯಿ ಹೋಟ್ಲಿಗೆ ಹೋಗಿ ಕಾಗದ ಹಾಕುದು ನಿಲ್ಲಿಸಿದ ಮಳೆಗಾಲ. ಮನೆಯಲ್ಲಿ ಮೂರು ಜನ, ಮಡಕೆಯಲ್ಲಿ ಇಬ್ಬರ ಗಂಜಿ. ಅಗುಳೆಲ್ಲ ನಿನಗೆ, ನಿನ್ನ ತಂಗಿ ಸುಂದರಿಗೆ ಹಾಕಿ ಇವಳು ಬರೀ ತಿಳಿ ಕುಡೀತಿದ್ಲು. ಅಮ್ಮ ಯಾಕೆ ಉಣ್ಣುದಿಲ್ಲ ಅಂತ ನೀವೇ ಕೇಳಿದ್ದಂತೆ. ಆಗ ಬಾಯಿಗೆ ಬಂದದ್ದು ಹರಕೆ."

"ಆಮೇಲೆ? ನಾನು ದುಡೀಲಿಕ್ಕೆ ಹೊರಟ ಮೇಲೆ?"

"ಆಮೇಲೆ ಉಂಡ್ರೆ ಹರಕೆ ಸುಳ್ಳು ಅಂತ ಆಗ್ತದಲ್ಲ ಮಾರಾಯ! ಯಾರ ಪಾಲನ್ನು ಯಾರು ಉಂಡದ್ದು ಅಂತ ನಿಮಗೆ ಗೊತ್ತಾಗ್ತದಲ್ಲ!" ಮಾಜಿದಾ ಕೊಡ ಎತ್ತಿ ಸೊಂಟಕ್ಕಿಟ್ಟಳು. "ನೀನು ಅದನ್ನು ಪೇಪರಲ್ಲಿ ಹಾಕಿದೆ. ಹೋಗು, ನಿನ್ನ ಮುಖ ನೋಡಲಿಕ್ಕೆ ಆಗುದಿಲ್ಲ ನನಗೆ."

ಆ ದಿನದಿಂದ ಜತ್ತಪ್ಪನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ತುತ್ತು ಬಾಯಿಯವರೆಗೆ ಬರುತ್ತದೆ, ನಿಲ್ಲುತ್ತದೆ. ಮರಗೆಣಸು ತಿಂದ. (ಒಂದೇ ಮನೆಯಲ್ಲಿ ಎರಡು ಸೋಜಿಗ. ಹೇಮರಾಜರಿಗೆ ತಿಳಿದಿದ್ದರೆ ಎಂಟು ಸಾಲು ಕೊಡುತ್ತಿದ್ದರು.)

5

ಅವನು ತಾನೇ ಜೋಡಿಸಿ, ಪ್ರೂಫ್ ತೆಗೆದು, ಹೇಮರಾಜರ ಮೇಜಿನ ಮೇಲಿಟ್ಟ. "ತಿದ್ದುಪಡಿ. ಸೇಸಮ್ಮನದು ಹರಕೆಯಲ್ಲ. ಹಸಿವು."

ಹೇಮರಾಜರು ಕನ್ನಡಕ ತೆಗೆದರು. "ಕೂತ್ಕೊ ಜತ್ತಪ್ಪ."

"ನಿಂತೇ ಇರ್ತೇನೆ."

"ಇದರಲ್ಲಿ ಸೋಜಿಗ ಏನುಂಟು ಮಾರಾಯ? ಹಸಿವು ಎಲ್ಲರ ಮನೆಯಲ್ಲೂ ಇತ್ತು. ಎಲ್ಲರ ಮನೆಯಲ್ಲಿ ಇದ್ದದ್ದು ಸುದ್ದಿ ಆಗುದಿಲ್ಲ."

"ನಿಮ್ಮ ಮನೆಯಲ್ಲೂ ಇತ್ತಾ?"

ಹೇಮರಾಜರು ಕನ್ನಡಕವನ್ನು ಧೋತ್ರದ ತುದಿಯಿಂದ ಒರೆಸಿದರು.

(ಅವರು ಕೆಟ್ಟವರಾಗಿದ್ದರೆ ಈ ಕಥೆ ಎಷ್ಟು ಸುಲಭವಾಗುತ್ತಿತ್ತು! ಬಾಯಿ ತುಂಬ ಬೈದು, ಮೀಸೆ ಅಂಟಿಸಿ, ಖಳನಾಯಕನನ್ನಾಗಿ ಮಾಡಿ ಮುಗಿಸುತ್ತಿದ್ದೆ. ಆದರೆ ನನ್ನ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದವರು ಅವರೇ. ಈ ವಾಕ್ಯವನ್ನು ತಪ್ಪಿಲ್ಲದೆ ಬರೆದು ಅವರನ್ನು ಬೈಯಲು ಕಲಿಸಿದವರೂ ಅವರೇ. ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಬೇರೆ ಇಲ್ಲ.)

"ನೋಡು," ಎಂದರು ಕೊನೆಗೆ, "ನಮ್ಮ ಅತ್ತೆ ಕಮಲಾವತಿಯಮ್ಮ ವ್ರತ, ಉಪವಾಸ ಮಾಡುವವರು. ಪೇಪರ್ ಓದಿ ಕಣ್ಣಲ್ಲಿ ನೀರು ಹಾಕಿದ್ರು. ಇಷ್ಟು ದೊಡ್ಡ ಉಪವಾಸಕ್ಕೆ ಪಾರಣೆ ಆಗದೆ ಹೇಗೆ, ನಾನೇ ಹೋಗಿ ಬಡಿಸಿ ಉಣ್ಣಿಸ್ತೇನೆ ಅಂತ ಹೇಳಿದ್ದಾರೆ. ಬರುವ ಆದಿತ್ಯವಾರ. ಒಂದು ಫೋಟೋ ಕೂಡ ತೆಗೆಯುವ."

"ಹಸಿದವಳಿಗೆ ಪಾರಣೆಯಾ?"

"ಉಂಡರೆ ಸಾಲದಾ ಮಾರಾಯ? ಹೆಸರು ಯಾವುದಾದರೇನು?"

ಹೆಸರು ಯಾವುದಾದರೇನು! ಮೂವತ್ತು ವರ್ಷ ಪೇಪರ್ ನಡೆಸಿದ ಮನುಷ್ಯ!

6

ಇಲ್ಲಿ ಜತ್ತಪ್ಪ ಭಾನುವಾರ ಎಲ್ಲರೆದುರು ಎದೆ ಸೆಟೆಸಿ ಸತ್ಯ ಹೇಳುತ್ತಾನೆ ಎಂದು ಆ ವಾರವೇ ಒಂದೂವರೆ ಪುಟ ಬರೆದಿದ್ದೆ. ಚಪ್ಪಾಳೆ ಕೂಡ ಹಾಕಿದ್ದೆ. ಅಷ್ಟರಲ್ಲಿ ಅಮ್ಮ ಬಂದು ನೆನೆಸಿದ ಬೀಡಿ ಎಲೆಯ ಕಟ್ಟನ್ನು ಆ ಕಾಗದದ ಮೇಲೆಯೇ ಇಟ್ಟಳು. ಶಾಯಿ ಹರಡಿತು.

"ಏನದು?"

"ನಿನ್ನ ಕಥೆ."

"ನಾಲ್ಕು ಸಾಲು ಸಾಕಾಗ್ಲಿಲ್ವಾ ನಿನಗೆ?"

"ಅದು ಸುಳ್ಳಾಯ್ತಲ್ಲ ಅಮ್ಮ. ಇದು ಸತ್ಯ."

"ಬರಿ. ಸುಂದರಿಗೂ ಮುಟ್ಟಲಿ. ಅಳದಂಗಡಿಯ ಗಂಡನ ಮನೆಯಲ್ಲಿ ಅವಳು ಬಸುರಿ. ಉಣ್ಣಲಿಕ್ಕೆ ಕೂತವಳು ನಿನ್ನ ಹಾಗೇ ಬಟ್ಟಲು ನೋಡ್ತಾ ಕೂತ್ಕೊಳ್ಳಲಿ."

ಅವಳಿಗೆ ಎಲ್ಲ ಗೊತ್ತಿತ್ತು. ಮಗ ಮರಗೆಣಸು ತಿನ್ನುತ್ತಿರುವುದು ಯಾಕೆಂದು ಮೊದಲ ದಿನವೇ ಗೊತ್ತಾಗಿತ್ತು. ಲೇಖಕನಿಗೆ ಮಾತ್ರ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿದೆಯೆಂದು.

"ಹಾಗಾದ್ರೆ ಉಣ್ಣು," ಎಂದ ಜತ್ತಪ್ಪ. ಅವನ ಸ್ವರ ಏರಿತು. "ಪಾರಣೆ ಅಂತಲೇ ಉಣ್ಣು. ಯಾರು ಬಡಿಸಿದ್ರೂ ಉಣ್ಣು. ಒಂದು ತುತ್ತು!"

"ಯಾಕೆ? ನಿನ್ನ ಗಂಟಲು ತೆರೀಲಿಕ್ಕಾ?"

"ನಿನ್ನ ಪಾಲು ನಾನು ಕದ್ದು ತಿಂದ ಹಾಗಾಯ್ತಲ್ಲ!"

ಅಮ್ಮ ಎಲೆ ಕತ್ತರಿಸುವ ಕತ್ತರಿಯನ್ನು ಕೆಳಗಿಟ್ಟಳು. ಈ ಕಥೆಯಲ್ಲಿ ಅವಳಿಗೆ ಸಿಟ್ಟು ಬಂದದ್ದು ಇದೊಂದೇ ಸಲ.

"ಕದ್ದದ್ದಲ್ಲ. ನಾನು ಬಡಿಸಿದ್ದು. ನಾನು ಬಡಿಸಿದ್ದನ್ನು ನೀನು ಕದ್ದದ್ದು ಅಂತ ಎಲ್ಲಿಯೂ ಬರೀಬೇಡ. ನನ್ನದು ಅಂತ ಇರುವುದು ಅದೊಂದೇ."

(ಭಾಷಣದ ಪುಟ ಹರಿದು ಹಾಕಿದ್ದೇನೆ. ಅದರ ಜಾಗದಲ್ಲಿ ಏನೂ ಇಲ್ಲ.)

7

ಮುಕ್ತಾಯಗಳು. ಬೇಕಾದದ್ದನ್ನು ಆರಿಸಿಕೊಳ್ಳಿ, ಆಮೇಲೆ ಯಾಕೆ ಅದು ಆಗುವುದಿಲ್ಲ ಎಂದೂ ಕೇಳಿಸಿಕೊಳ್ಳಿ.

ಅ) ಕಮಲಾವತಿಯಮ್ಮ ತುಪ್ಪ ಹಾಕಿ ಬಡಿಸುತ್ತಾರೆ, ಅಮ್ಮ ಉಣ್ಣುತ್ತಾಳೆ, ಫೋಟೋ ಬೀಳುತ್ತದೆ, ಎಲ್ಲರ ಕಣ್ಣಲ್ಲೂ ನೀರು. ಹೊಡೆದು ಹಾಕಿದ್ದೇನೆ. ಹಸಿವು ತಪಸ್ಸಾಗಿ ಅಚ್ಚಾದರೆ ಅದನ್ನು ಅಳಿಸುವ ರಬ್ಬರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆ) ಅಮ್ಮ ಎದ್ದು ಎಲೆಯನ್ನು ಕಾಲಿನಿಂದ ಒದೆಯುತ್ತಾಳೆ. ಕ್ರಾಂತಿ! ಇದನ್ನು ಬರೆದದ್ದಕ್ಕೆ ನನಗೇ ನಾಚಿಕೆಯಾಯಿತು. ಅನ್ನವನ್ನು ಒದೆಯುವ ಹೆಂಗಸನ್ನು ಊಹಿಸುವವನು ಹೊಟ್ಟೆ ತುಂಬಿದವನೇ ಆಗಿರಬೇಕು. ನನ್ನ ಹೊಟ್ಟೆ ತುಂಬಿತ್ತು, ಹೇಗೆಂದು ಈಗ ನಿಮಗೂ ಗೊತ್ತು.

ಇ) ಜತ್ತಪ್ಪ ಸತ್ಯವನ್ನು ಸಾವಿರ ಪ್ರತಿ ಅಚ್ಚು ಹಾಕಿ ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಎಸೆಯುತ್ತಾನೆ. ಅದರಲ್ಲಿ ಕಡಲೆ ಕಟ್ಟಿಸಿಕೊಂಡು ಜನ ತಿನ್ನುತ್ತಾರೆ. ಉಪ್ಪು ಸ್ವಲ್ಪ ಜಾಸ್ತಿಯಾಯಿತು ಎನ್ನುತ್ತಾರೆ.

8

ಭಾನುವಾರ ಬಂದೇ ಬಂತು. ಬೇಲಿಯ ಮೇಲೆ ಜನ, ಗೇರುಮರದ ಮೇಲೆ ಜನ. ಕಾರಿನಿಂದ ಇಳಿದ ಕಮಲಾವತಿಯಮ್ಮ ಎಲುಬಿನ ಹಾಗೆ ತೆಳ್ಳಗೆ, ಬಿಳಿ ಸೀರೆ. ಜಗಲಿಯಲ್ಲಿ ಅಮ್ಮನ ಎದುರು ನೆಲದ ಮೇಲೆಯೇ ಕೂತರು. ಬಾಳೆಲೆ ಹಾಸಿದರು. ಬೆಳ್ತಿಗೆ ಅಕ್ಕಿಯ ಬಿಳಿ ಅನ್ನದ ಪಾತ್ರೆಯ ಮುಚ್ಚಳ ತೆಗೆದರು. ಆ ಪರಿಮಳಕ್ಕೆ ಅಂಗಳವೇ ಒಂದು ಹೆಜ್ಜೆ ಮುಂದೆ ಬಂತು.

ಬಡಿಸುವ ಮೊದಲು ಅವರು ಅಮ್ಮನ ಮಣಿಕಟ್ಟು ಹಿಡಿದು ನೋಡಿದರು. ಉಪವಾಸ ಬಲ್ಲವರ ಬೆರಳು ಅದು, ಕಂಪೌಂಡರನದಲ್ಲ. ಸ್ವರ ತಗ್ಗಿಸಿದರು. ಪಕ್ಕದಲ್ಲಿ ನಿಂತಿದ್ದ ಜತ್ತಪ್ಪನಿಗೆ ಮಾತ್ರ ಕೇಳಿಸಿತು.

"ಸೇಸಮ್ಮ, ನಿಜ ಹೇಳಿ. ಇದು ಉಪವಾಸವಾ?"

"ಉಪವಾಸ ನೀವು ಮಾಡುದು ಅಮ್ಮ. ನೀವು ಬೇಡ ಅನ್ನುವಾಗ ಮಡಕೆಯಲ್ಲಿ ಅನ್ನ ಇರ್ತದೆ."

ಸೌಟು ಗಾಳಿಯಲ್ಲೇ ನಿಂತಿತು. ಕಮಲಾವತಿಯಮ್ಮ ಅಮ್ಮನ ಮುಖ ನೋಡಿದರು, ಮತ್ತೆ ಜತ್ತಪ್ಪನ ಮುಖ ನೋಡಿದರು. ಸೌಟನ್ನು ಪಾತ್ರೆಗೆ ಇಳಿಸಿ ಮುಚ್ಚಳ ಹಾಕಿದರು.

"ನಾನು ಬಡಿಸುವಂಥದ್ದಲ್ಲ ಇದು," ಎಂದರು. ಅಷ್ಟೇ. ಆದರೆ ಎದ್ದು ಹೋಗಲಿಲ್ಲ, ತಲೆ ತಗ್ಗಿಸಿ ಅಲ್ಲೇ ಕೂತರು.

"ಏನಾಯ್ತು ಅತ್ತೆ?" ಎಂದು ಹೇಮರಾಜರು ಅಂಗಳದಿಂದ ಕುತ್ತಿಗೆ ಉದ್ದ ಮಾಡಿದರು. ಫೋಟೋದವನು ಕರಿಬಟ್ಟೆಯೊಳಗಿಂದ ತಲೆ ಹೊರಹಾಕಿದ.

ಜತ್ತಪ್ಪ ಒಳಗೆ ಹೋದ. ಒಲೆಯ ಮೇಲೆ ಅವರದೇ ಮಡಕೆ, ಅದರಲ್ಲಿ ಅವರದೇ ಕೆಂಪು ಕುಚ್ಚಲಕ್ಕಿಯ ಗಂಜಿ. ತಿಳಿ ಬಸಿದು, ಅಗುಳನ್ನಷ್ಟೇ ಬಟ್ಟಲಿಗೆ ತೆಗೆದ. ಹುಟ್ಟಿದಂದಿನಿಂದ ಅವನು ಅಮ್ಮನಿಗೆ ಬಡಿಸಿದ್ದು ಇದೇ ಮೊದಲು. ನಾಲ್ಕು ಅಗುಳು ಒಲೆಯ ಬೂದಿಗೆ ಬಿದ್ದವು. ಬಟ್ಟಲು ತಂದು ಅಮ್ಮನ ಮುಂದಿಟ್ಟ.

ಅಮ್ಮ ಬಟ್ಟಲನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲೆಲ್ಲ ಹೊಗೆಸೊಪ್ಪಿನ ಪುಡಿ.

"ಕೈ ತೊಳೀಬೇಕು," ಎಂದು ಎದ್ದು ಒಳಗೆ ಹೋದಳು.

ಉಣ್ಣಲು ಕೈ ತೊಳೆಯುತ್ತಾರೆ. ಸಾಕು ಎಂದು ಏಳುವವರೂ ಕೈ ತೊಳೆಯುತ್ತಾರೆ. ಜತ್ತಪ್ಪ ಬಟ್ಟಲು ಎತ್ತಿಕೊಂಡು ಅವಳ ಹಿಂದೆ ನಡೆದ. ಹೊಸ್ತಿಲು ದಾಟಿ ತಿರುಗಿದರೆ, ಅಂಗಳದ ಅಷ್ಟೂ ಕಣ್ಣುಗಳು ಅವನ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತಿದ್ದವು. ಅವಳು ಬಾಯಿ ತೆರೆಯುತ್ತಾಳಾ, ಅಗುಳು ಒಳಗೆ ಹೋಗುತ್ತದಾ, ನುಂಗುತ್ತಾಳಾ!

9

ನೀವೂ ಅಲ್ಲೇ ನಿಂತಿದ್ದೀರಿ. ಎಂಟನೇ ಭಾಗ ಮುಗಿದರೂ ಹೋಗಿಲ್ಲ. ಉಂಡಳಾ ಇಲ್ಲವಾ ಎಂದು ತಿಳಿದುಕೊಂಡೇ ಹೋಗಬೇಕೆಂದು ಇನ್ನೂ ಹತ್ತಿರ ಬಂದಿದ್ದೀರಿ. ತಿಳಿದರೆ ಏನು ಮಾಡುತ್ತೀರಿ? ಬಸ್ಸಿನಲ್ಲಿ ಪಕ್ಕದವನಿಗೆ ಹೇಳುತ್ತೀರಿ. ಅವನು "ಹೌದಾ!" ಎನ್ನುತ್ತಾನೆ.

ಆಗುವುದಿಲ್ಲ. ಒಮ್ಮೆ ಅವಳನ್ನು ನಿಮಗೆ ತೋರಿಸಿದ್ದು ನಾನೇ. ಇನ್ನೊಮ್ಮೆ ತೋರಿಸುವುದಿಲ್ಲ. ಒಳಗೆ ಇಬ್ಬರಿದ್ದಾರೆ, ಒಂದು ಬಟ್ಟಲಿದೆ, ನೀರಿನ ಸದ್ದು ಕೇಳುತ್ತಿದೆ. ಅದು ಮನೆಯ ಸಂಗತಿ.

ಮೆಟ್ಟಿಲು ಇಳಿಯಿರಿ. ಬಾಗಿಲು ಹಾಕುತ್ತಿದ್ದೇನೆ. ಸಂದಿನಲ್ಲಿಟ್ಟ ಬೆರಳು ತೆಗೆಯಿರಿ.