ಸಿಯಾಲೆಯ ಉತ್ತರ ಸಿಯಾಲೆಯೇ ಬರೆಯಲಿ

ಮಗು ಹುಟ್ಟಿ ಆರು ವಾರವಾಗಿತ್ತು. ನನ್ನ ಹೆಂಡತಿ ಸಿಯಾಲೆ ಮಗುವನ್ನು ಎತ್ತಿಕೊಂಡು ಮನೆಯ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಳು. ಮಗು ಮಲಗಿದರೆ ಅದರ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾ ಕೂರುವಳು. ಮುಂದಿಟ್ಟ ಕೆಸುವಿನ ಗೆಡ್ಡೆ ಹಾಗೇ ತಣ್ಣಗಾಗುತ್ತಿತ್ತು. ಊರಿನವರು ಏನೆಂದರು ಗೊತ್ತೇ?

"ಎಂಥಾ ತಾಯಿ ನೋಡಿ! ಮಗು ಮೇಲಿಂದ ಕಣ್ಣು ತೆಗೆಯಲ್ಲ."

ಅವಳು ಒಣಗುತ್ತಿದ್ದಳು, ಇವರು ಹೊಗಳುತ್ತಿದ್ದರು. ನಾನೂ ಅವರಲ್ಲೊಬ್ಬ.

ನಮ್ಮ ಟೋಂಗಾ ದ್ವೀಪಗಳಲ್ಲಿ ಮಗುವಿನ ವಿಷಯಕ್ಕೆ ಸೋದರತ್ತೆಯದೇ ಕೊನೆಯ ಮಾತು. ಹೆಸರಿಡುವವಳೂ ಅವಳೇ. ಹಾಗಾಗಿ ಚುಚ್ಚುಮದ್ದಿನ ದಿನ ಆರೋಗ್ಯ ಕೇಂದ್ರಕ್ಕೆ ನನ್ನ ಅಕ್ಕ ಫುಸಿ ಮಗುವನ್ನು ಎತ್ತಿಕೊಂಡು ಮುಂದೆ ನಡೆದಳು, ನಾವಿಬ್ಬರೂ ಹಿಂದೆ.

ನರ್ಸ್ ಲುಸೆಯಾನೆ ಸಿಯಾಲೆಗೆ ಮೂವತ್ತೊಂದು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟಳು. "ಹೋದ ಒಂದು ತಿಂಗಳು ಮನಸ್ಸು ಹೇಗಿತ್ತು ಅಂತ ಬರಿ. ಇಲ್ಲವೇ ಇಲ್ಲ ಅಂದ್ರೆ ಸೊನ್ನೆ, ಯಾವಾಗಲೂ ಅಂದ್ರೆ ಮೂರು."

ನರ್ಸ್ ಬೇರೆ ಮಗುವಿನ ಕಡೆ ತಿರುಗಿದ್ದೇ ತಡ, ಪಟ್ಟಿ ಅಕ್ಕನ ಕೈಯಲ್ಲಿತ್ತು.

"ಎದೆ ಡವಡವ ಅನ್ನುತ್ತಾ? ಇಲ್ಲ, ಸೊನ್ನೆ. ಏನೋ ಕೆಟ್ಟದ್ದಾಗುತ್ತೆ ಅಂತ ಭಯಾನಾ? ಥೂ, ನಮ್ಮನೇಲಿ ಯಾಕಮ್ಮ ಭಯ? ಸೊನ್ನೆ!"

ಸಿಯಾಲೆ ನೆಲ ನೋಡಿದಳು. ನಾನು ಗೋಡೆ ನೋಡಿದೆ. ಅಕ್ಕನ ಮುಂದೆ ತಮ್ಮ ಬಾಯಿ ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬಾಣಂತನದ ಮಾತಂತೂ ಎತ್ತಲೇಬಾರದು. ಹೆಂಡತಿ ಬೇಯುತ್ತಿರುವಾಗ ಸುಡುಗಾಡು ಮರ್ಯಾದೆ!

ಲುಸೆಯಾನೆ ಬಂದು ಕೂಡಿಸಿದಳು. "ಒಟ್ಟು ಸೊನ್ನೆ. ಆರು ವಾರದ ಬಾಣಂತಿಗೆ ಒಂದು ಚೂರೂ ಚಿಂತೆ ಇಲ್ವಾ? ಯಾರು ಬರೆದದ್ದು?"

ನನಗೆ ತಡೆಯಲಾಗಲಿಲ್ಲ. "ಅಕ್ಕ, ಸಿಸ್ಟರ್. ಸಿಯಾಲೆ ಪೆನ್ನು ಕೂಡ ಮುಟ್ಟಿಲ್ಲ."

"ಸೆಮಿಸೀ! ನನ್ ಎದುರಿಗೇ ಬಾಯಿ ಬಂತಾ ನಿಂಗೆ?" ಅಕ್ಕ ನನ್ನ ಹೆಸರು ಕೂಗಿ ಕೆಂಡವಾದಳು. "ಆರು ಹೆತ್ತಿದ್ದೀನಿ ನಾನು. ನಂಗ್ಯಾರು ಕೊಟ್ರು ಇಂಥ ಕಾಗದ? ಮನಸ್ಸನ್ನೂ ಅಳೀತೀರಾ ನೀವು?"

"ಅಳೀತೀವಿ ಅಕ್ಕಾ," ಎಂದಳು ಲುಸೆಯಾನೆ. "ಜ್ವರ ಅಳೆಯೋಕೆ ಥರ್ಮಾಮೀಟರ್ ಯಾರ ಬಾಯಿಗಿಡ್ತೀವಿ? ನಿಮ್ಮ ಬಾಯಿಗಾ?"

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ಮಗೂನ ನೀವೇ ಹಿಡ್ಕೊಂಡು ಆ ದೀವಿಹಲಸಿನ ಮರದ ಕೆಳಗೆ ಕೂತಿರಿ. ಹತ್ತೇ ನಿಮಿಷ. ನೀನೂ ನಡಿ ತಮ್ಮಾ."

ಹೊಸ ಪಟ್ಟಿಯನ್ನು ಸಿಯಾಲೆ ಒಬ್ಬಳೇ ಕೂತು ತುಂಬಿದಳು. ಆಮೇಲೆ, ಅವಳ ಒಪ್ಪಿಗೆ ಕೇಳಿಯೇ, ನರ್ಸ್ ನಮ್ಮನ್ನು ಒಳಗೆ ಕರೆದಳು. ಒಟ್ಟು ತೊಂಬತ್ತಮೂರಕ್ಕೆ ನಲವತ್ತೇಳು.

"ಅಷ್ಟೊಂದಾ? ಅಂದ್ರೆ ಹುಚ್ಚಾ?" ಅಕ್ಕನ ದನಿ ಇಳಿದಿತ್ತು.

"ಹುಚ್ಚಲ್ಲ ಅಕ್ಕಾ. ಇಪ್ಪತ್ತಾರು ದಾಟಿದ್ರೆ ಆತಂಕ ಜಾಸ್ತಿ ಇದೆ ಅನ್ನೋ ಸೂಚನೆ. ಡಾಕ್ಟರ್ ಕೂತು ಮಾತಾಡಿ ಖಚಿತ ಮಾಡ್ಕೋತಾರೆ. ಇದಕ್ಕೆ ಚಿಕಿತ್ಸೆ ಇದೆ."

ಸಿಯಾಲೆ ಮೆಲ್ಲಗೆ ಹೇಳಿದಳು: "ಅತ್ತಿಗೆ, ಮೆಟ್ಟಿಲ ಹತ್ರ ಹೋದ್ರೆ ಸಾಕು, ಮಗು ಕೈಜಾರಿ ಬಿದ್ದ ಹಾಗೇ ಕಾಣುತ್ತೆ."

"ಅಯ್ಯೋ ಹುಡುಗಿ, ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಆಗಲೇ ಸೊನ್ನೆ ಬರೆದಾಗಿತ್ತಲ್ಲ."

ಅಕ್ಕ ಬಂದು ಬೆಂಚಿನ ಮೇಲೆ ಸಿಯಾಲೆಯ ಪಕ್ಕ ಕೂತಳು.

ಅದೇ ವಾರ ಡಾಕ್ಟರ್ ನೋಡಿದರು. ವಾರಕ್ಕೊಮ್ಮೆ ಕೂತು ಮಾತಾಡಿಸಿದರು. ಸಿಯಾಲೆ ನಿದ್ದೆ ಮಾಡಲೆಂದು ಬೆಳಗಿನ ಹೊತ್ತು ಮಗುವನ್ನು ಅಕ್ಕ ನೋಡಿಕೊಂಡಳು. ಎರಡು ತಿಂಗಳ ಮೇಲೆ ಸಿಯಾಲೆ ಮತ್ತೆ ಪಟ್ಟಿ ತುಂಬಿದಾಗ ಬಂದದ್ದು ಹದಿನಾರು. ಈಗ ಹೊಟ್ಟೆತುಂಬ ಉಣ್ಣುತ್ತಾಳೆ, ಬಾಯಿತುಂಬ ನನಗೆ ಬೈಯುತ್ತಾಳೆ. ಅಕ್ಕನಂತೂ ಆರೋಗ್ಯ ಕೇಂದ್ರದಲ್ಲಿ ಬೇರೆ ಸೋದರತ್ತೆಯರನ್ನು ಅಟ್ಟುತ್ತಾಳೆ: "ಹೊರಗೆ ನಡೀರಿ, ಅವಳು ಬರೀಲಿ!"

ಗಂಡಂದಿರೇ, ಅತ್ತೆಯರೇ, ಅತ್ತಿಗೆಯರೇ, ಬಸುರಿಯಿದ್ದಾಗಲೂ ಹೆತ್ತ ಮೇಲೂ ಈ ಪ್ರಶ್ನೆಗಳನ್ನು ಕೇಳಿಸಿ. ಆರೋಗ್ಯ ಕೇಂದ್ರದವರು ತಾವಾಗಿ ಕೇಳದಿದ್ದರೆ, ಪಟ್ಟಿ ಕೊಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಪೆನ್ನು ತಾಯಿಯ ಕೈಗೆ ಕೊಟ್ಟು ಹೊರಗೆ ಹೋಗಿ. ಅವಳಿಗೆ ಓದು ಬಾರದಿದ್ದರೆ ನರ್ಸ್ ಓದಿ ಹೇಳಲಿ, ನೀವಲ್ಲ. ತಾಯೀ, ನೀನು ಇದ್ದದ್ದನ್ನು ಇದ್ದ ಹಾಗೆ ಬರೆ. ಸುಳ್ಳು ಸೊನ್ನೆಯಿಂದ ಉಳಿಯುವುದು ಮನೆಯ ಮರ್ಯಾದೆ ಮಾತ್ರ. ನಮಗೆ ಬೇಕಾದವಳು ನೀನು.