ಎಡಕ್ಕೆ ಸೊಟ್ಟಗಿದ್ದ ನೊಣ

ನಾನೊಂದು ನೊಣ. ಹಾಗೆಂದ ಕೂಡಲೇ ಮೂಗು ಮುರಿಯಬೇಡಿ. ಯಾರ ಊಟದ ತಟ್ಟೆಯ ಮೇಲೂ ನಾನು ಕೂತವನಲ್ಲ. ಒಂದು ಸಣ್ಣ ಗಾಳದ ಕೊಕ್ಕೆ, ಹುಂಜದ ಕತ್ತಿನ ಎರಡು ಕೆಂಚು ಗರಿ, ರವಿಕೆ ಹೊಲಿದು ಉಳಿದ ಹಸಿರು ರೇಷ್ಮೆ ದಾರ, ಇಷ್ಟೇ ನನ್ನ ಮೈ. ಮೀನು ನನ್ನನ್ನು ನಿಜವಾದ ಹುಳುವೆಂದು ನಂಬಿ ಬಾಯಿ ಹಾಕಬೇಕು. ಅದಕ್ಕೇ ನಾನು ಹುಟ್ಟಿದ್ದು.

ನನ್ನನ್ನು ಕಟ್ಟಿದವರು ಕೊಣನೂರಿನ ಟೈಲರ್ ಜವರಪ್ಪ. ಹಿಂದೊಮ್ಮೆ ಕಾಫಿ ತೋಟದ ಸಾಹುಕಾರರೊಬ್ಬರು ಕೊಟ್ಟ ಗಾಳದ ಕೋಲು ಅವರಿಗೆ ಹುಚ್ಚು ಹಿಡಿಸಿತ್ತು. ಮೀನು ಹಿಡಿಯುವುದು, ಕಣ್ತುಂಬ ನೋಡುವುದು, ಮತ್ತೆ ನೀರಿಗೆ ಬಿಡುವುದು. ಸಾರಿಗೆ ಬಾರದ ಈ ಮೀನುಬೇಟೆ ಹೆಂಡತಿ ಸಣ್ಣಮ್ಮನಿಗೆ ಎಂದೂ ಅರ್ಥವಾಗಲಿಲ್ಲ. ನಾನು ಹುಟ್ಟುವ ಹಿಂದಿನ ವರ್ಷ ಲಕ್ವ ಹೊಡೆದು ಜವರಪ್ಪನವರ ಬಲಗೈ ಸೋತಿತು. ಅಂಗಡಿ ಮುಚ್ಚಿತು. ನನ್ನನ್ನು ಕಟ್ಟಲು ಅವರಿಗೆ ನಾಲ್ಕು ದಿನ ಹಿಡಿಯಿತು, ಆದರೂ ನಾನು ಎಡಕ್ಕೆ ಸೊಟ್ಟ.

"ಕೆಲ್ಸ ಇಲ್ದೋರು ನೊಣ ಹೊಡೀತಾರೆ. ನೀವು ನೊಣ ಕಟ್ತಾ ಕೂತಿದ್ದೀರಿ," ಎಂದರು ಸಣ್ಣಮ್ಮ.

ಜವರಪ್ಪ ನಗಲಿಲ್ಲ. "ನಾಳೆ ಹಳ್ಳಕ್ಕೆ ಹೋಗ್ತೀನಿ ಕಣೆ. ಈ ಕೈಲಿ ಒಂದು ಬಿಳಿಮೀನು ಹಿಡಿದು ಮತ್ತೆ ನೀರಿಗೆ ಬಿಟ್ರೆ ಸರಿ. ಇಲ್ಲಾಂದ್ರೆ ಆ ಕೋಲು ಯಾರಿಗಾದ್ರೂ ಕೊಟ್ಬಿಡು."

ಅವರದೊಂದು ಪದ್ಧತಿ ಇತ್ತು. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ ಮೇಲೇ ನೊಣ ನೀರು ಕಾಣಬೇಕು. ಆಗ ಕೊಕ್ಕೆ ಸುಲಭವಾಗಿ ಬಿಡುತ್ತದೆ, ಮೀನಿನ ತುಟಿ ಹರಿಯುವುದಿಲ್ಲ. ಆ ಬೆಳಿಗ್ಗೆ ಇಕ್ಕಳ ಮೂರು ಸಲ ಅವರ ಕೈಯಿಂದ ಜಾರಿತು. ಸಣ್ಣಮ್ಮ ಅಡುಗೆಮನೆಯಲ್ಲೇ ಇದ್ದರು. ಕರೆಯಲು ಇವರಿಗೆ ನಾಚಿಕೆ. ಮುಳ್ಳು ಹಾಗೇ ಉಳಿಯಿತು.

ಹಳ್ಳದ ನೀರು ಎಷ್ಟು ತಿಳಿಯಾಗಿತ್ತೆಂದರೆ ನನ್ನ ನೆರಳು ತಳದ ಮರಳಿನ ಮೇಲೆ ನನಗಿಂತ ಮುಂದೆ ಹೋಗುತ್ತಿತ್ತು. ಹೊಂಗೆ ಹೂಗಳು ತೇಲಿ ಬರುತ್ತಿದ್ದವು. ಅವುಗಳ ನಡುವೆ ನಾನು ಹೂವೋ ಹುಳುವೋ ನನಗೇ ಮರೆತುಹೋಯಿತು. ಆಹಾ, ಏನು ಸುಖ! ಒಂದು ಪುಟ್ಟ ಪಕ್ಕೆಮೀನು ಬಂದು ಮುತ್ತಿಟ್ಟು ಓಡಿತು. ಬಂಡೆಯ ಸಂದಿಯಿಂದ ಕೊರವ ಮೀನೊಂದು ನುಗ್ಗಿ ನನ್ನದೊಂದು ಗರಿ ಕಿತ್ತುಕೊಂಡು ಹೋಯಿತು. ಬುತ್ತಿ ತಂದಿದ್ದ ಸಣ್ಣಮ್ಮ ನೀರಿನಲ್ಲಿ ಕಾಲಿಳಿಬಿಟ್ಟು ಅರೆಗಣ್ಣಲ್ಲಿ ಕೂತಿದ್ದರು. ಬಿಸಿಲು ಇಳಿಯಿತು. ನಾನು ಸೊಟ್ಟಗಿದ್ದದ್ದರಿಂದ ರೆಕ್ಕೆ ಮುರಿದ ಹುಳುವಿನಂತೆ ಸುತ್ತುತ್ತಾ ಮಡುವಿಗೆ ಬಂದೆ.

ಕೆಳಗಿನಿಂದ ದೊಡ್ಡದೊಂದು ಬೆಳಕು ಮೇಲೆದ್ದು ನನ್ನನ್ನು ನುಂಗಿತು. ಬಿಳಿಮೀನು.

ಎಡಗೈಯಲ್ಲಿ ಕೋಲು, ಸೋತ ಕೈಗೆ ಸುತ್ತಿದ ದಾರ. ಬಹಳ ಹೊತ್ತು ಸೆಣಸಿ ಜವರಪ್ಪ ಮೀನನ್ನು ದಡಕ್ಕೆ ತಂದರು. ಆದರೆ ನಾನು ಅದರ ತುಟಿಯಿಂದ ಬಿಡಲೊಲ್ಲೆ. ಅವರ ಬೆರಳು ನಡುಗಿದಷ್ಟೂ ಮುಳ್ಳು ಒಳಗೇ ಹೋಯಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಮುಳ್ಳು ಒತ್ತಿಲ್ಲ ಕಣೆ. ಕೈಲಾಗ್ಲಿಲ್ಲ," ಎಂದರು ಜವರಪ್ಪ.

"ನನ್ನ ಕರೆದಿದ್ರೆ ಏನಾಗ್ತಿತ್ತು?" ಸಣ್ಣಮ್ಮ ನೀರಿಗಿಳಿದು ಪ್ರಯತ್ನಿಸಿದರು. ಅವರಿಂದಲೂ ಆಗಲಿಲ್ಲ. ಮೀನಿನ ಕಿವಿರಿನ ಬಡಿತ ನಿಧಾನವಾಗತೊಡಗಿತು.

"ಕತ್ತರಿ ಕೊಡು. ಮೀನು ಉಳೀಲಿ."

ದಾರ ಕತ್ತರಿಸಿದರು. ಮೀನು ನನ್ನನ್ನೂ ಹೊತ್ತು ಆಳಕ್ಕೆ ಜಾರುವಾಗ ಜವರಪ್ಪನವರ ಮಾತು ಕೇಳಿತು: "ಕೊಕ್ಕೆ ಸಮೇತ ಬಿಟ್ಟಿದ್ದು ಬಿಟ್ಟಂಗಲ್ಲ. ಆ ಕೋಲು ಕೊಟ್ಬಿಡು." ಸಣ್ಣಮ್ಮ ಏನೋ ಅಂದರು. ಅಷ್ಟರಲ್ಲಿ ನೀರು ಮುಚ್ಚಿಕೊಂಡಿತು.

ಕೆಲವು ತಿಂಗಳು ಆ ತುಟಿಯಲ್ಲೇ ಹಳ್ಳವೆಲ್ಲ ಸುತ್ತಿದೆ. ತುಕ್ಕು ಹಿಡಿದು ಸವೆದೆ, ಒಂದು ದಿನ ಕಳಚಿಬಿದ್ದೆ. ಮೀನಿನ ಗಾಯ ಮಾಯ್ದಿದೆ, ದಿನವೂ ನನ್ನ ಮೇಲೇ ಹಾದುಹೋಗುತ್ತದೆ. ಈಗ ಎರಡು ಕಲ್ಲುಗಳ ನಡುವೆ ನನ್ನ ಮುದಿತನ. ಸಣ್ಣಮ್ಮ ಅಂದಿದ್ದೇನು ಎಂಬ ಕೊರಗೊಂದೇ ಉಳಿದಿತ್ತು.

ನಿನ್ನೆ ಮಧ್ಯಾಹ್ನ ಹೊಂಗೆ ಹೂಗಳ ನಡುವೆ ಒಂದು ನೊಣ ತೇಲಿ ಬಂತು. ಹಸಿರು ದಾರ, ಕೆಂಚು ಗರಿ, ನನ್ನ ಹಾಗೇ ಎಡಕ್ಕೆ ಸೊಟ್ಟ. ಅದು ತಲೆಯ ಮೇಲೆ ಸುತ್ತಿದಾಗ ಕೊಕ್ಕೆಯ ತುದಿ ನೋಡಿದೆ. ಮುಳ್ಳು ಮಟ್ಟವಾಗಿತ್ತು. ಇಕ್ಕಳ ಹಿಡಿದ ಕೈ ಯಾರದೆಂದೂ, ಅಂದು ಸಣ್ಣಮ್ಮ ಅಂದದ್ದೇನೆಂದೂ ನನಗೆ ಗೊತ್ತಾಯಿತು.