ಪೂಜೆಗಿಟ್ಟ ರಿವಾಲ್ವರು

ವಸಂತಿಗೆ ಮೊದಲು ಸಿಟ್ಟು ಬಂದದ್ದು ಮೇಜಿನ ವಿಷಯಕ್ಕೆ. ಆ ಮೇಜಿನ ಮೇಲೆ ಅವಳು ಚಪಾತಿ ಲಟ್ಟಿಸುತ್ತಿದ್ದಳು. ಕಿಂಡರ್‌ಗಾರ್ಟನ್ನಿನಿಂದ ಬಂದ ಮಗಳು, ಇಂದು ಎಂಬ ಪುಟ್ಟಿ, ಅಲ್ಲೇ ಕೂತು ಹಾಲು ಚೆಲ್ಲುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು. ಈಗ ಗಂಡನ ಗೆಳೆಯ ಶ್ರೀಕಂಠ ಅದೇ ಮೇಜಿಗೆ ಒಂದು ಟವೆಲು ಹಾಸಿ, ಚಕ್ಕುಲಿ ತಟ್ಟೆಯನ್ನು ಮೊಣಕೈಯಿಂದ ಅತ್ತ ತಳ್ಳಿ, ತನ್ನ ಎರಡು ರಿವಾಲ್ವರುಗಳನ್ನು ಕೂಸುಗಳ ಹಾಗೆ ಮಲಗಿಸಿದ್ದ.

ಶ್ರೀಕಂಠ ಮೈಸೂರಿನವನು, ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರು. ಟಿವಿಯಾಗಲಿ, ಕಾರಿನ ಟೈರಾಗಲಿ, ಮ್ಯಾಗಜೀನುಗಳನ್ನೆಲ್ಲ ತಿರುವಿ ಹಾಕಿ, ಒಂದಕ್ಕೊಂದು ಹೋಲಿಸಿ ನೋಡದೆ ಕೊಳ್ಳುವವನಲ್ಲ. ವಸಂತಿಯ ಗಂಡ ರಾಮನಾಥ ಮಂಗಳೂರಿನವನು, ಹೇವರ್ಡಿನಲ್ಲಿ ಸಣ್ಣ ಗ್ರೋಸರಿ ಅಂಗಡಿ ನಡೆಸುವವನು. ಅವನಿಗೆ ಶ್ರೀಕಂಠ ಹೇಳಿದರೆ ಮುಗಿಯಿತು.

ಇದೆಲ್ಲ ಶುರುವಾದದ್ದು ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ವಸಂತಿ ಗಲ್ಲಾದಲ್ಲಿ ನಿಂತಿದ್ದಾಗ ಒಬ್ಬ ಬಂದು ಹಾಲಿನ ಡಬ್ಬ ಕೌಂಟರಿನ ಮೇಲಿಟ್ಟ. ಡಬ್ಬದ ಹಿಂದಿನಿಂದ ಪಿಸ್ತೂಲು ತೋರಿಸಿದ. ಅವಳು ಗಲ್ಲಾ ಎಳೆದು ಇದ್ದದ್ದನ್ನೆಲ್ಲ ಅವನ ಕೈಗೆ ಹಾಕಿದಳು. ಅವನು ಹೋದ. ಹಾಲನ್ನೂ ತೆಗೆದುಕೊಂಡೇ ಹೋದ. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದ ರಾಮನಾಥನಿಗೆ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ. ಅಂದಿನಿಂದ ಅವನ ತಲೆಗೆ ಈ ಹುಳ ಹೊಕ್ಕಿತ್ತು.

"ನೋಡು ರಾಮು, ಇದು ಐದು ಗುಂಡಿಂದು," ಎಂದ ಶ್ರೀಕಂಠ. "ಬಾಡಿ ಅಲ್ಯುಮಿನಿಯಮ್ಮು. ಪ್ಯಾಂಟ್ ಜೇಬಲ್ಲಿ ಹಾಕ್ಕೊಂಡ್ರೆ ಇದೆ ಅಂತ್ಲೇ ಗೊತ್ತಾಗಲ್ಲ. ಇದು ಆರು ಗುಂಡಿಂದು, ಪೂರ್ತಿ ಸ್ಟೀಲು. ನಳಿಗೆ ಎರಡರದ್ದೂ ಗಿಡ್ಡನೇ. ಆದ್ರೆ ತೂಕ ನೋಡು."

ರಾಮನಾಥ ಎರಡೂ ಕೈಯಲ್ಲಿ ಒಂದೊಂದನ್ನು ಹಿಡಿದು ತೆಂಗಿನಕಾಯಿ ಆರಿಸುವವನ ಹಾಗೆ ತೂಗಿ ನೋಡಿದ. "ಸ್ಟೀಲಿಂದು ಭಾರ ಉಂಟು ಮಾರಾಯ. ಇದನ್ನು ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಅಕ್ಕಿ ಮೂಟೆ ಎತ್ತುವುದು ಹೇಗೆ?"

"ಅದೇ ಪಾಯಿಂಟು! ಭಾರದ್ದು ಹೊಡೆಯೋಕೆ ಸುಖ, ಹೊರೋಕೆ ಕಷ್ಟ. ಹಗುರದ್ದು ಹೊರೋಕೆ ಸುಖ, ಹೊಡೆದಾಗ ಕೈಗೆ ಒದೆಯತ್ತೆ. ಇನ್ನೊಂದು ನೋಡು, ಇದರ ಹಿಂದೆ ಕೊಕ್ಕೆ ಥರ ಇದೆಯಲ್ಲ, ಜೇಬಿಂದ ಎಳೀವಾಗ ಬಟ್ಟೆಗೆ ಸಿಕ್ಕೊಳ್ಳತ್ತೆ. ಹಗುರದ್ದರಲ್ಲಿ ಅದು ಒಳಗೇ ಅಡಗಿದೆ."

"ಸೊಸೆ ನೋಡುವಾಗಲೂ ಇಷ್ಟು ವಿಚಾರಿಸುವುದಿಲ್ಲ," ಎಂದಳು ವಸಂತಿ ಒಲೆಯ ಹತ್ತಿರದಿಂದ.

ಗಂಡಸರಿಬ್ಬರೂ ನಕ್ಕರು. ಅವಳು ನಗಲಿಲ್ಲ. ಸೌಟು ಹಿಡಿದುಕೊಂಡೇ ಈಚೆ ಬಂದಳು.

"ಶ್ರೀಕಂಠರೇ, ನನ್ನದೊಂದು ಪ್ರಶ್ನೆ. ಗಲ್ಲಾದಲ್ಲಿ ನಿಲ್ಲುವುದು ನಾನು. ಜೇಬಿನಲ್ಲಿ ಇದನ್ನು ಇಟ್ಟುಕೊಳ್ಳುವುದು ಇವರು. ಬಂದವ ನನ್ನ ಎದೆಗೆ ಗುರಿ ಹಿಡಿದಿರುವಾಗ ಇವರು ಹಿಂದಿನಿಂದ ಶೂರನ ಹಾಗೆ ಬಂದರೆ ಮೊದಲು ಬೀಳುವುದು ಯಾರು?"

"ಅಯ್ಯೋ ಅತ್ತಿಗೆ, ಹಾಗೆಲ್ಲ ಆಗಲ್ಲ. ಪ್ರಾಕ್ಟೀಸು ಮಾಡ್ಬೇಕು. ನೀವೂ ಬನ್ನಿ ಒಂದ್ಸಲ, ಭಯ ಹೋಗತ್ತೆ."

ಭಯ! ಅವಳಿಗಿದ್ದದ್ದು ಭಯವೆಂದು ಇವರಿಗೆ ಯಾರು ಹೇಳಿದರು? ಗಲ್ಲಾ ಎಳೆಯುವಾಗ ಅವಳ ಕೈ ನಡುಗಿರಲಿಲ್ಲ. ನಡುಗಿದ್ದು ಆಮೇಲೆ, ಮಗಳನ್ನು ಡೇಕೇರಿನಿಂದ ಕರೆತರುವಾಗ, ಅದರ ಪುಟ್ಟ ಕೈ ತನ್ನ ಕೈಯೊಳಗೆ ಸೇರಿದಾಗ. ಅದನ್ನು ಇವರಿಬ್ಬರಲ್ಲಿ ಯಾರೂ ಕೇಳಿರಲಿಲ್ಲ.

ಆದರೂ ಅವಳು ಹೋದಳು. ಫ್ರೀವೇ ಪಕ್ಕದ ಗೋದಾಮಿನಂಥ ಕಟ್ಟಡ, ಒಳಗೆ ಕಿವಿಗೆ ಮುಚ್ಚಳ ಹಾಕಿಕೊಂಡ ಜನ, ದಾರಕ್ಕೆ ತೂಗುಬಿಟ್ಟ ಕಾಗದದ ಗುರಿಗಳು. ಹೇಳಿಕೊಡುವ ಮುದುಕ ತಾಳ್ಮೆಯವನು. ಹಗುರದ್ದನ್ನು ಹೊಡೆದಾಗ ಶಾಲೆಯಲ್ಲಿ ಮೇಷ್ಟ್ರು ಅಂಗೈಗೆ ಬಾರಿಸಿದ ಹಾಗಾಯಿತು. ಗುಂಡು ಕಾಗದವನ್ನೇ ಮುಟ್ಟಲಿಲ್ಲ. ಎರಡನೆಯ ಸಲ ಕೈ ತಾನಾಗಿಯೇ ಹೆದರಿ ನಳಿಗೆಯನ್ನು ಕೆಳಗೆ ಬಗ್ಗಿಸಿತು. ಸ್ಟೀಲಿನದು ಹಾಗಲ್ಲ. ಅದರ ಭಾರವೇ ಪೆಟ್ಟನ್ನು ನುಂಗಿಕೊಂಡಿತು, ಗುಂಡುಗಳು ಕಪ್ಪು ವೃತ್ತದೊಳಗೆ ಒತ್ತಾಗಿ ಬಿದ್ದವು. ಒಂದು ಕ್ಷಣ ಅವಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಮತ್ತೆ ಸಿಟ್ಟು ಬಂತು.

ಹೊರಡುವ ಮುಂಚೆ ಅವಳು ಮುದುಕನನ್ನು ಕೇಳಿದಳು: ಎದುರಿಗಿದ್ದವನ ಕೈಯಲ್ಲಿರುವುದು ಖಾಲಿಯೋ ತುಂಬಿದೆಯೋ ಎಂದು ತಿಳಿಯುತ್ತದೆಯೇ? ಅವನು ಅವಳ ಮುಖವನ್ನು ನೋಡಿ, ಯಾಕೆ ಕೇಳಿದಳೆಂದು ಅರ್ಥ ಮಾಡಿಕೊಂಡವನಂತೆ ದನಿ ತಗ್ಗಿಸಿದ. ರಿವಾಲ್ವರಾದರೆ ತಿಳಿಯಬಹುದು. ನಳಿಗೆಯ ಎರಡೂ ಪಕ್ಕದಲ್ಲಿ, ಗುಂಡು ತುಂಬುವ ಸಿಲಿಂಡರಿನ ತೂತುಗಳು ಎದುರಿಗಿರುವವರಿಗೆ ಕಾಣುತ್ತವೆ. ಬರೀ ಕತ್ತಲೆ ಕಂಡರೆ ಖಾಲಿ ಇರಬಹುದು. ಗುಂಡುಗಳ ಬೂದುಬಣ್ಣದ ಮೂತಿಗಳು ಕಂಡರೆ ತುಂಬಿದೆ. ಆದರೆ ಯಾವುದನ್ನೂ ಖಾಲಿ ಎಂದು ನಂಬಬೇಡ, ಎಂದ. ತೆರೆದು ನೋಡುವವರೆಗೆ ಎಲ್ಲವೂ ತುಂಬಿದ್ದೇ.

ರಾಮನಾಥ ಕೊಂಡದ್ದು ಹಗುರದ್ದನ್ನೇ.

"ನನಗೆ ಹೊಡೆಯಲಿಕ್ಕೆ ಬರುವುದು ನಿಮಗೆ ಭಾರ. ನಿಮಗೆ ಹಗುರವಾದದ್ದು ನನ್ನ ಕೈ ಮುರಿಯುತ್ತದೆ. ಹಾಗಾದರೆ ನನ್ನನ್ನು ಕರೆದುಕೊಂಡು ಹೋದದ್ದು ಎಂತಕ್ಕೆ?"

"ನೀನು ಮುಟ್ಟುವುದೇ ಬೇಡ ಮಾರಾಯ್ತಿ. ಅದು ನನ್ನ ಹತ್ತಿರ ಇರ್ತದೆ."

"ಇರಲಿ. ಅಂಗಡಿಯಲ್ಲಿ ನಿಮ್ಮ ಹತ್ತಿರ ಇರಲಿ. ಮನೆಗೆ ಬರುವಾಗ ಮಾತ್ರ ಖಾಲಿ ಬರಬೇಕು. ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು, ಬೀಗದ ಕೈ ನನ್ನ ಹತ್ತಿರ. ಇಂದುವಿನಂಥ ಮಗು ಇರುವ ಮನೆ ಇದು. ಒಪ್ಪಿಗೆಯಾ?"

"ಒಪ್ಪಿಗೆ," ಎಂದ ರಾಮನಾಥ. ಮಾತಿಗೆ ತಪ್ಪುವವನಲ್ಲ, ಅಷ್ಟು ಮಟ್ಟಿಗೆ ಅವಳು ನಂಬಿದಳು. ದಿನಾ ಸಂಜೆ ಅವನು ಬಾಗಿಲಲ್ಲೇ ಸಿಲಿಂಡರು ತೆರೆದು ತೋರಿಸುತ್ತಿದ್ದ, ಅವಳು ಬೀಗ ಹಾಕುತ್ತಿದ್ದಳು.

ಹೀಗೆ ನವರಾತ್ರಿ ಬಂತು. ಇಲ್ಲಿ ಹಬ್ಬಗಳೆಲ್ಲ ಭಾನುವಾರಕ್ಕೆ ಕಾಯುತ್ತವೆ, ಆಯುಧಪೂಜೆಯೂ ಕಾಯಿತು. ಶ್ರೀಕಂಠ, ಅವನ ಹೆಂಡತಿ ಮೈಥಿಲಿ, ಅವರ ಅವಳಿ ಹುಡುಗಿಯರು ಬೆಳಿಗ್ಗೆಯೇ ಬಂದರು. ದೇವರ ಮುಂದೆ ತಗ್ಗಾದ ಮಣೆ ಹಾಕಿ, ಅದರ ಮೇಲೆ ರಾಮನಾಥ ಎಲ್ಲವನ್ನೂ ಜೋಡಿಸಿದ: ಅಂಗಡಿಯ ಬೀಗದ ಕೈ, ಪೆಟ್ಟಿಗೆ ಬಿಚ್ಚುವ ಚಾಕು, ಸ್ಕ್ರೂಡ್ರೈವರು, ಶ್ರೀಕಂಠನ ಕ್ಯಾಲ್ಕ್ಯುಲೇಟರು, ಮೈಥಿಲಿಯ ಹೊಲಿಗೆ ಕತ್ತರಿ, ವಸಂತಿಯ ಈಳಿಗೆಮಣೆ, ಇಂದುವಿನ ಬಣ್ಣದ ಪೆನ್ಸಿಲು. "ಇವತ್ತಲ್ಲದೆ ಇನ್ನು ಯಾವತ್ತು?" ಎಂದು ರಿವಾಲ್ವರಿಗಾಗಿ ಬೀಗದ ಕೈ ಕೇಳಿದ. ವಸಂತಿಗೆ ಮನಸ್ಸಿರಲಿಲ್ಲ. ಆದರೆ ಆಯುಧಪೂಜೆಯ ದಿನ ಆಯುಧ ಬೇಡ ಎನ್ನುವುದು ಹೇಗೆ? ಕೊಟ್ಟಳು. ಪಾಯಸ ಉಕ್ಕಿ ಬರುತ್ತಿತ್ತು, ಅತ್ತ ಓಡಿದಳು.

"ಖಾಲಿ ಉಂಟಲ್ಲ?" ಎಂದು ಅಡುಗೆಮನೆಯಿಂದಲೇ ಕೂಗಿದಳು.

"ಎಲ್ಲ ಸರಿ ಉಂಟು, ನೀನು ಬಾ," ಎಂದ ರಾಮನಾಥ.

ಮಕ್ಕಳು ಮಣೆಯ ಮುಂದೆ ಸಾಲಾಗಿ ಕೂತಿದ್ದರು. ಮಂಗಳಾರತಿ ಆದ ಮೇಲೆ ಒಂದೊಂದನ್ನೇ ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ಮೈಥಿಲಿ ಹೇಳಿಕೊಟ್ಟಿದ್ದಳು. "ಡ್ಯಾಡೀಸ್ ಗನ್ ಟೂ?" ಎಂದು ಇಂದು ಕೇಳಿದಳು. "ಅದನ್ನೂ ಪುಟ್ಟಿ, ಎಲ್ಲಾನೂ," ಎಂದಳು ಮೈಥಿಲಿ.

ವಸಂತಿ ಆರತಿ ತಟ್ಟೆ ಹಿಡಿದು ಬಗ್ಗಿದಳು. ರಿವಾಲ್ವರಿನ ಹಿಡಿಗೆ ಕುಂಕುಮ, ಮೇಲೊಂದು ಸೇವಂತಿಗೆ. ನಳಿಗೆ ಮಕ್ಕಳ ಕಡೆಗಿತ್ತು. ತಟ್ಟೆ ಒಂದು ಸುತ್ತು ಬರುವಾಗ ಬತ್ತಿಯ ಬೆಳಕು ನಳಿಗೆಯ ಎರಡು ಪಕ್ಕಕ್ಕೂ ಬಿತ್ತು. ಕತ್ತಲೆ ಇರಬೇಕಾದಲ್ಲಿ ಬೂದು ಮೂತಿಗಳು ಹೊಳೆದವು.

ಅವಳು ಕಿರುಚಲಿಲ್ಲ. ತಟ್ಟೆಯನ್ನು ಮೈಥಿಲಿಯ ಕೈಗೆ ಕೊಟ್ಟಳು. "ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗು," ಎಂದಳು. ದನಿ ಹೇಗಿತ್ತೋ, ಮೈಥಿಲಿ ಒಂದು ಮಾತೂ ಕೇಳದೆ ತಟ್ಟೆಯನ್ನು ನೆಲಕ್ಕಿಟ್ಟು ಮೂವರನ್ನೂ ಎಬ್ಬಿಸಿಕೊಂಡು ಹಿತ್ತಿಲಿಗೆ ನಡೆದಳು.

ವಸಂತಿ ರಿವಾಲ್ವರಿಗೆ ಕೈ ಹಾಕಿದಳು.

"ಏಯ್, ಕದಲಿಸಬೇಡ! ಪೂಜೆಗೆ ಇಟ್ಟದ್ದನ್ನು ನಾಳೆವರೆಗೆ ಎತ್ತಬಾರದು," ಎಂದ ರಾಮನಾಥ.

ಅವಳು ಅದನ್ನು ಯಾರೂ ಇಲ್ಲದ ಮೂಲೆಯ ನೆಲಕ್ಕೆ ಗುರಿಯಾಗಿಸಿ, ಮುದುಕ ಕಲಿಸಿದ ಹಾಗೆ ಸಿಲಿಂಡರನ್ನು ಹೊರಕ್ಕೆ ತಿರುಗಿಸಿ, ಗುಂಡು ಹೊರದೂಡುವ ಕಡ್ಡಿಯನ್ನು ಒತ್ತಿದಳು. ಐದು ಗುಂಡುಗಳು ಅಕ್ಷತೆಯ ಬಟ್ಟಲಿಗೆ ಉದುರಿದವು. ಶ್ರೀಕಂಠ ಎದ್ದು ನಿಂತುಬಿಟ್ಟ.

"ರಾಮೂ! ಏನೋ ಇದು?"

"ಎಂತ ಎಂತ? ಖಾಲಿ ಆಯುಧಕ್ಕೆ ಪೂಜೆ ಮಾಡ್ತಾರಾ?" ರಾಮನಾಥನಿಗೆ ನಿಜವಾಗಿಯೂ ತಪ್ಪು ತಿಳಿದಿರಲಿಲ್ಲ. "ಕಲಶ ಇಡುವಾಗ ನೀರು ತುಂಬಿ ಇಡುವುದಿಲ್ಲವಾ? ಖಾಲಿ ಪಾತ್ರೆ ಯಾರಾದರೂ ದೇವರ ಮುಂದೆ ಇಡ್ತಾರಾ? ಹೊಸತು, ಮೊದಲ ಪೂಜೆ. ಅದಕ್ಕೆ ತುಂಬಿಟ್ಟೆ. ಯಾರೂ ಟ್ರಿಗರು ಎಳೆಯುವುದಿಲ್ಲವಲ್ಲ."

"ನಳಿಗೆ ಮಕ್ಕಳ ಕಡೆ ಯಾಕೆ ಇಟ್ಟಿರಿ?" ಎಂದಳು ವಸಂತಿ.

"ಮತ್ತೆ ದೇವರ ಕಡೆ ಬಾಯಿ ಮಾಡಿ ಇಡ್ಲಿಕ್ಕೆ ಆಗ್ತದಾ?"

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಕಿವಿಯೆರಡೂ ಉರಿಯುತ್ತಿದ್ದವು.

"ದೇವರಿಗೆ ಗುಂಡು ತಾಗಬಾರದು. ನನ್ನ ಮಗಳಿಗೆ ತಾಗಬಹುದು. ಎಷ್ಟು ಭಕ್ತಿ ನಿಮಗೆ! ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಿ ಎಂದು ಕಲಿಸಿದ್ದೇವೆ ಮಕ್ಕಳಿಗೆ. ಕಣ್ಣಿಗೆ! ಮಕ್ಕಳು ಮುಟ್ಟಿ ಸುಮ್ಮನಾಗ್ತಾರಾ? ಬಲಗೈಯಲ್ಲಿ ಎತ್ತಿ, ಕಣ್ಣಿಗೆ! ಅವಳು ಎಲ್ಲಿ ಹಿಡಿದು ಎತ್ತುತ್ತಿದ್ದಳು, ಯೋಚನೆ ಮಾಡಿದ್ದೀರಾ?"

ರಾಮನಾಥ ಮಣೆಯ ಮುಂದೆ ಮಕ್ಕಳು ಕೂತಿದ್ದ ಚಾಪೆಯನ್ನು ನೋಡಿದ. ನೋಡುತ್ತಾ ಮೆಲ್ಲಗೆ ಸೋಫಾಕ್ಕೆ ಕುಸಿದ.

"ಅತ್ತಿಗೆ, ಸಮಾಧಾನ ಮಾಡ್ಕೊಳ್ಳಿ," ಎಂದ ಶ್ರೀಕಂಠ. "ಏನೂ ಆಗ್ಲಿಲ್ಲವಲ್ಲ. ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ. ಊಟ ಆದ್ಮೇಲೆ ಕೂತು ಮಾತಾಡೋಣ."

"ಏನೂ ಆಗಲಿಲ್ಲ ಯಾಕೆಂದರೆ ನಾನು ನೋಡಿದೆ. ನೀವು ತಿಂಗಳುಗಟ್ಟಲೆ ತೂಕ ಹೋಲಿಸಿದಿರಿ, ನಳಿಗೆ ಹೋಲಿಸಿದಿರಿ, ಕೊಕ್ಕೆ ಜೇಬಿಗೆ ಸಿಕ್ಕಿಕೊಳ್ಳುತ್ತದಾ ನೋಡಿದಿರಿ. ಮಗು ಇರುವ ಮನೆಯಲ್ಲಿ ಹೇಗಿರ್ತದೆ ಎಂದು ಒಂದು ಮ್ಯಾಗಜೀನಿನಲ್ಲೂ ಬರೆದಿರಲಿಲ್ಲವಾ? ಇದು ಇವತ್ತೇ ಹೊರಗೆ ಹೋಗಬೇಕು. ಊಟಕ್ಕೆ ಮುಂಚೆ."

"ಆಮೇಲೆ ಅವ ಇನ್ನೊಮ್ಮೆ ಬಂದರೆ?" ಸೋಫಾದಿಂದ ರಾಮನಾಥನ ದನಿ ಸಣ್ಣಗೆ ಬಂತು. "ನಾನು ಹಿಂದಿನ ಕೋಣೆಯಲ್ಲಿ ಏನೂ ಗೊತ್ತಿಲ್ಲದೆ ಪೆಟ್ಟಿಗೆ ಬಿಚ್ಚುತ್ತಾ ಇರಬೇಕಾ?"

ಅವಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ಆದರೆ ಆ ಹೊತ್ತಿನಲ್ಲಿ ಕನಿಕರಕ್ಕೆ ಸೋಲಲು ಅವಳು ಸಿದ್ಧಳಿರಲಿಲ್ಲ.

"ಬಂದರೆ ಗಲ್ಲಾ ತೆಗೆದು ಕೊಡುತ್ತೇನೆ. ಹೋದ ಸಲವೂ ಕೊಟ್ಟೆ, ಬದುಕಿದ್ದೇನೆ. ಅವತ್ತು ನಿಮ್ಮ ಜೇಬಿನಲ್ಲಿ ಇದು ಇದ್ದಿದ್ದರೆ ನಮ್ಮಲ್ಲಿ ಒಬ್ಬರು ಇವತ್ತು ಇರುತ್ತಿರಲಿಲ್ಲ. ನೀವು ಹಿಂದಿನ ಕೋಣೆಯಲ್ಲಿ ಇದ್ದದ್ದಕ್ಕೆ ನಾನು ಒಂದು ದಿನವಾದರೂ ಒಂದು ಮಾತು ಆಡಿದ್ದೇನಾ?"

"ಇಲ್ಲ," ಎಂದ ಅವನು.

"ಮತ್ತೆ ಯಾರಿಗೆ ತೋರಿಸಲಿಕ್ಕೆ ಇದು?"

ಮೈಥಿಲಿ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದಳು. ಅಕ್ಷತೆಯ ಬಟ್ಟಲನ್ನು ನೋಡಿದಳು, ಗಂಡನನ್ನು ನೋಡಿದಳು.

"ರೀ, ನಮ್ಮನೇಲಿ ಎರಡಿವೆಯಲ್ಲ. ಅವು?"

"ಬೀರುವಲ್ಲಿವೆ. ಬೀಗ ಹಾಕಿದೆ."

"ಖಾಲಿ ಇವೆಯಾ ಅಂತ ಕೇಳಿದೆ."

ಶ್ರೀಕಂಠ ಉತ್ತರಿಸಲು ತೆಗೆದುಕೊಂಡ ಹೊತ್ತು ಸಾಕಾಯಿತು. ಮೈಥಿಲಿಯ ಮುಖ ಕೆಂಪೇರಿತು. "ಏಳಿ. ಮೂರನ್ನೂ ಒಟ್ಟಿಗೆ ಕೊಟ್ಟು ಬನ್ನಿ. ಮಾರಿದ ಅಂಗಡಿಯವನು ಭಾನುವಾರ ತೆಗೆದಿರ್ತಾನೆ, ನೀವೇ ಹೇಳಿದ್ದು."

ರಾಮನಾಥ ಎದ್ದ. ಸಿಲಿಂಡರು ಇನ್ನೊಮ್ಮೆ ತೆರೆದು, ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಹಿಡಿಯ ಮೇಲಿನ ಕುಂಕುಮ ಒರೆಸಲು ಹೋಗಿ ಬಿಟ್ಟ. ವಸಂತಿ ಗುಂಡುಗಳಿಗಂಟಿದ ಅಕ್ಕಿ ಉದುರಿಸಿ, ಅವನ್ನು ಬೇರೆ ಚೀಲಕ್ಕೆ ಹಾಕಿ ಶ್ರೀಕಂಠನ ಕೈಗೆ ಕೊಟ್ಟಳು. ಗಂಡಸರಿಬ್ಬರೂ ತಲೆ ಎತ್ತದೆ ಕಾರು ಹತ್ತಿದರು.

ಆರತಿಯ ಬತ್ತಿ ಅಷ್ಟು ಹೊತ್ತಿಗೆ ತಾನಾಗಿಯೇ ಆರಿತ್ತು. ಮಕ್ಕಳು ಒಳಗೆ ನುಗ್ಗಿದರು. ಇಂದು ಬಂದವಳೇ ಅಮ್ಮನ ಸೀರೆ ಹಿಡಿದು ಮೇಲೆ ನೋಡಿ, "ಅಮ್ಮಾ, ಆರ್ ಯು ಮ್ಯಾಡ್ ಅಟ್ ಮಿ?" ಎಂದಳು.

"ನಿನ್ನ ಮೇಲೆ ಅಲ್ಲ ಪುಟ್ಟಿ." ವಸಂತಿ ಕೂತು ಮಗಳ ಹಣೆಯ ಕೂದಲು ಸರಿಸಿದಳು. ಮಗಳು ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು, ಬಿಡಲಿಲ್ಲ.

"ಎಲೆ ಹಾಕಲಾ, ಅವರು ಬರೋವರೆಗೆ ಕಾಯೋಣವಾ?" ಎಂದು ಕೇಳಿದಳು ಮೈಥಿಲಿ.

"ಮಕ್ಕಳಿಗೆ ಈಗಲೇ ಬಡಿಸು," ಎಂದಳು ವಸಂತಿ. "ಅವರು ಬರಿಗೈಯಲ್ಲಿ ಬಂದರೆ ಅವರಿಗೂ ಉಂಟು."